ಅಮ್ಮನ ಬೆರಳು, ಸಿಂಕಿನ ನೀರು

ಉಗುರಿನ ಪಕ್ಕ ಸಣ್ಣದೊಂದು ಸಿಪ್ಪೆ ಏಳುತ್ತೆ. ಸೀರೆ ಸೆರಗಿಗೆ, ತಲೆಕೂದಲಿಗೆ ಸಿಕ್ಕಿಕೊಂಡು ಜೀವ ತೆಗೆಯುತ್ತೆ. ಯಾರಿಗೆ ತೋರಿಸಿದ್ರೂ ಒಂದೇ ಮಾತು, "ಕ್ಯಾಲ್ಸಿಯಂ ಕಮ್ಮಿ ಆಗಿದೆ, ಹಾಲು ಕುಡಿ". ಈ ಮಾತು ಕೇಳಿದ್ರೆ ನನಗೆ ಸಿಟ್ಟು ಬರುತ್ತೆ. ಬಹಳ ಸಲ ಕಾರಣ ಇರೋದು ಹೊಟ್ಟೆಯಲ್ಲಲ್ಲ, ಸಿಂಕಿನಲ್ಲಿ!

ಉಗುರಿನ ಬುಡದಲ್ಲಿ ತೆಳ್ಳಗಿನ ಪೊರೆ ಇದೆಯಲ್ಲ, ಅದು ಉಗುರು-ಚರ್ಮದ ಸಂದಿಗೆ ಹಾಕಿದ ಸೀಲು. ದಿನವಿಡೀ ನೀರಲ್ಲಿ ನೆನೆದು, ಒಣಗಿ, ಸೋಪಿಗೆ ಎಣ್ಣೆಯಂಶ ಕಳಕೊಂಡರೆ ಅದು ಬಿರಿಯದೆ ಇನ್ನೇನು? ಚಳಿಗಾಲದ ಒಣಗಾಳಿ ಸೇರಿದ್ರಂತೂ ಕೇಳೋದೇ ಬೇಡ. (ಬ್ಯೂಟಿ ಪಾರ್ಲರಿನಲ್ಲಿ ದುಡ್ಡು ಕೊಟ್ಟು ಆ ಪೊರೆ ಕತ್ತರಿಸಿಕೊಳ್ಳೋರೂ ಇದ್ದಾರೆ, ಇರಲಿ.) ಎದ್ದ ಸಿಪ್ಪೆಯನ್ನ ಹಲ್ಲಲ್ಲಿ ಕಚ್ಚಿ ಎಳೆದ್ರೆ ಹಸಿ ಚರ್ಮವೂ ಕಿತ್ತು ಬರುತ್ತೆ, ಬ್ಯಾಕ್ಟೀರಿಯಾ ಒಳಗೆ ಹೋಗುತ್ತೆ. ಆಮೇಲೆ ಉಗುರುಸುತ್ತು... ಊದಿ, ಕೀವು ತುಂಬಿ, ರಾತ್ರಿಯೆಲ್ಲಾ ಚುಳ್ ಚುಳ್. ನಿಂಬೆಹಣ್ಣಿಗೆ ತೂತು ಮಾಡಿ ಬೆರಳು ತೂರಿಸೋದು ನಮ್ಮಲ್ಲಿ ರೂಢಿ. ಆದ್ರೆ ಕೀವು ಕಟ್ಟಿದ ಮೇಲೆ ಡಾಕ್ಟರಿಗೇ ತೋರಿಸಬೇಕು. ಸಕ್ಕರೆ ಕಾಯಿಲೆಯವರಂತೂ ನಿಂಬೆಹಣ್ಣು ನಂಬಿ ಕೂರಲೇಬಾರದು.

ಹೋಟೆಲಿನಲ್ಲಿ ಪಾತ್ರೆ ತೊಳೆಯೋರಿಗೆ, ಮನೆಗೆಲಸದವರಿಗೆ ಇದು ತಿಂಗಳುಗಟ್ಟಲೆ ವಾಸಿಯಾಗದೇ ಉಳಿಯುತ್ತೆ. ನೀರಿನ ಕೆಲಸವೇ ಇದರ ಮುಖ್ಯ ಕಾರಣ ಅಂತ ಡಾಕ್ಟರುಗಳೂ ಹೇಳ್ತಾರೆ. ಆದ್ರೆ ಮನೆಯಲ್ಲಿ ಅಮ್ಮನ ಬೆರಳು ಯಾರ ಲೆಕ್ಕಕ್ಕೂ ಬರಲ್ಲ. "ಕೊಬ್ಬರಿ ಎಣ್ಣೆ ಹಚ್ಕೋ" ಅಂತೀವಿ. ಹಚ್ಚಬೇಕು, ನಿಜ. ಅವಳು ಹಚ್ಚಿ ಮುಗಿಸೋ ಹೊತ್ತಿಗೆ ನಮ್ಮ ಕಾಫಿ ಲೋಟ ಸಿಂಕಿಗೆ ಬಿದ್ದಿರುತ್ತಲ್ಲ! ಸಿಪ್ಪೆಯನ್ನ ಎಳೀದೆ ನೇಲ್ ಕಟರಿನಲ್ಲಿ ಕತ್ತರಿಸಿ, ಪಾತ್ರೆಗೆ ಗ್ಲೌಸ್ ತಂದ್ಕೊಡಿ. ಲೋಟ ಮಾತ್ರ ನೀವೇ ತೊಳೆದಿಡಿ.

ಅಂದ ಹಾಗೆ, ನಿಮ್ಮನೇಲಿ ಪಾತ್ರೆ ತೊಳೆಯೋರು ಯಾರು?