ಬೀದಿನಾಯಿಗಳೂ ಪುಣ್ಯವಂತರ ಎಲೆಯೂ

ಮಹಾಭಾರತದ ಆದಿಪರ್ವದಲ್ಲಿ ಸರಮೆಯ ಪ್ರಸಂಗವೊಂದುಂಟು. ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರಯಾಗವನ್ನು ನಡೆಯಿಸುತ್ತಿದ್ದಾಗ, ಯಾಗಶಾಲೆಗೆ ಬಂದ ನಾಯಿಯೊಂದನ್ನು ಅವನ ತಮ್ಮಂದಿರು ಹೊಡೆದಟ್ಟಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ. ಕಣ್ಣೆತ್ತಿ ನೋಡಿಯೂ ಇರಲಿಲ್ಲ. ಅದರ ತಾಯಿಯಾದ ಸರಮೆಯು ಬಂದು, ತನ್ನ ಮಗನು ಮಾಡಿದ ಅಪರಾಧವೇನೆಂದು ಕೇಳಲು, ಉತ್ತರವೀಯುವವರು ಅಲ್ಲಿ ಒಬ್ಬರೂ ಇರಲಿಲ್ಲ. ನಿರಪರಾಧಿಯನ್ನು ದಂಡಿಸಿದವರಿಗೆ ಕಾಣದ ಭಯವು ಬಂದೊದಗಲೆಂದು ಶಪಿಸಿ ಅವಳು ಹೊರಟುಹೋದಳು. ಇರುಳಿನಲ್ಲಿ ಕರಿಯ ಡಾಂಬರು ರಸ್ತೆಯ ಮೇಲೆ ಮಲಗಿದ ಕರಿಯ ನಾಯಿಯನ್ನು ಕಾಣದೆ, ಬೈಕಿನಿಂದುರುಳಿ ಕೈಕಾಲು ಮುರಿದುಕೊಂಡವನಿಗೆ ಈ ಶಾಪದ ಅರ್ಥವನ್ನು ಯಾವ ವ್ಯಾಖ್ಯಾನಕಾರನೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾಣದ ಭಯವನ್ನು ಕಾಣುವಂತೆ ಮಾಡುವ ಕಾರ್ಯವನ್ನು ಕೆಲವು ಊರುಗಳ ತರುಣರು ಕೈಕೊಂಡಿರುವರು. ಪುಣೆಯಲ್ಲಿ ಶಂತನು ನಾಯ್ಡು ಎಂಬ ತರುಣ ಇಂಜಿನಿಯರು, ರಾತ್ರಿಯಲ್ಲಿ ವಾಹನಗಳಿಗೆ ಸಿಕ್ಕಿ ಸತ್ತ ನಾಯಿಗಳನ್ನು ಕಂಡು ಮರುಗಿ, ಗೆಳೆಯರೊಡಗೂಡಿ ಹಳೆಯ ಜೀನ್ಸ್ ಬಟ್ಟೆಯಿಂದ ಹೊಳೆಯುವ ಕೊರಳಪಟ್ಟಿಗಳನ್ನು ಮಾಡಿ ಬೀದಿನಾಯಿಗಳಿಗೆ ಕಟ್ಟತೊಡಗಿದರು. ರತನ್ ಟಾಟಾರವರು ಆ ಕಾರ್ಯಕ್ಕೆ ಬೆಂಬಲವಾಗಿ ನಿಂತ ಸಂಗತಿಯು ಲೋಕವಿದಿತವಾಗಿದೆ. ಆ ಪಟ್ಟಿಗೆ ದೀಪವೂ ಬೇಡ, ಬ್ಯಾಟರಿಯೂ ಬೇಡ. ಬರುವ ವಾಹನದ ಬೆಳಕನ್ನೇ ಅದು ಬಂದ ದಿಕ್ಕಿಗೆ ಹಿಂದಿರುಗಿಸುವುದರಿಂದ, ಚಾಲಕನು ದೂರದಿಂದಲೇ ನಾಯಿಯನ್ನು ಕಂಡು ವೇಗವನ್ನು ತಗ್ಗಿಸಬಹುದು.

ಮನುಷ್ಯರೇ ರಸ್ತೆಯಲ್ಲಿ ಸಾಯುತ್ತಿರುವಾಗ ನಾಯಿಯ ಕೊರಳಿಗೇಕೆ ಈ ಅಲಂಕಾರವೆಂದು ಹಾಸ್ಯಮಾಡುವ ಬುದ್ಧಿವಂತರುಂಟು. ನಾಯಿಯು ಒಂದು ರಸ್ತೆಯಲ್ಲಿಯೂ ಮನುಷ್ಯನು ಮತ್ತೊಂದು ರಸ್ತೆಯಲ್ಲಿಯೂ ಸಾಯುವುದಾಗಿದ್ದರೆ ಅವರ ಮಾತಿಗೆ ಬೆಲೆಯಿರುತ್ತಿತ್ತು. ಅಡ್ಡಬಂದ ನಾಯಿಯನ್ನು ತಪ್ಪಿಸಹೋಗಿ ಬೀಳುವವನು ಮನುಷ್ಯನೇ ಅಲ್ಲವೆ? ಒಂದು ಪಟ್ಟಿಯಿಂದ ಎರಡು ಪ್ರಾಣಗಳು ಉಳಿಯುವಲ್ಲಿ, ಒಂದು ಪ್ರಾಣವು ನಾಯಿಯದೆಂಬ ಕಾರಣಕ್ಕೆ ಇನ್ನೊಂದನ್ನೂ ಅಲಕ್ಷಿಸುವುದು ಎಂತಹ ವಿವೇಕ?

ಆದರೆ ಈ ಹಾಸ್ಯಗಾರರಿಗಿಂತಲೂ ಹೆಚ್ಚಿನ ಕೇಡನ್ನು ಮಾಡತಕ್ಕವರು ಪುಣ್ಯವಂತರು. ಉಳಿದ ಅನ್ನವನ್ನು ಎಲೆಯಲ್ಲಿ ಕಟ್ಟಿ, ರಸ್ತೆಯ ಅಂಚಿನಲ್ಲಿ ಚೆಲ್ಲಿ, ಭೂತದಯೆಯನ್ನು ಪೂರೈಸಿದೆವೆಂದು ಒಳಗೆ ಹೋಗಿ ಕದವಿಕ್ಕಿಕೊಳ್ಳುವ ಗೃಹಸ್ಥರು ಎಷ್ಟು ಮಂದಿಯಿಲ್ಲ! ಆ ಎಲೆಯ ವಾಸನೆಯನ್ನು ಹಿಡಿದು ನಾಯಿಯು ಎದುರು ಬದಿಯಿಂದ ರಸ್ತೆಯನ್ನು ದಾಟುವುದು. ಪಾಲಿಗಾಗಿ ಕಾದಾಡುವ ಇತರ ನಾಯಿಗಳು ಅದನ್ನು ರಸ್ತೆಯ ನಡುವಿಗೇ ಅಟ್ಟುವುವು. ಆ ಹೊತ್ತಿಗೆ ಲಾರಿಯು ಬರುವುದು. ಕಲ್ಯಾಣಮಂಟಪಗಳ ಎಂಜಲೆಲೆಯೂ ಮಾಂಸದ ಅಂಗಡಿಗಳ ಕಸವೂ ಹೆದ್ದಾರಿಯ ಪಕ್ಕದಲ್ಲಿ ಬಿದ್ದಿರುವ ಊರುಗಳಲ್ಲಿ ಇದೇ ಅನರ್ಥವು ನೂರ್ಮಡಿಯಾಗುವುದು. ನಾಯಿಯು ತಾನಾಗಿ ರಸ್ತೆಗೆ ಬಂದಿತೆಂದು ಜನರು ದೂರುವರು. ಅದನ್ನು ಅಲ್ಲಿಗೆ ಕರೆದವರು ಯಾರು? ದೇಶಕಾಲಪಾತ್ರಗಳನ್ನು ನೋಡಿ ದಾನಮಾಡಬೇಕೆಂಬ ಹಿರಿಯರ ನಿಯಮವು ನಾಯಿಗಿಕ್ಕುವ ತುತ್ತಿಗೂ ಸಲ್ಲತಕ್ಕದ್ದು. ಸಾವಿನ ಬಾಯಿಯಲ್ಲಿಟ್ಟ ಅನ್ನವು ದಾನವಲ್ಲ, ಬಲೆಗೆ ಚೆಲ್ಲಿದ ಕಾಳು.

ಈ ವಿಷಯದಲ್ಲಿ ರಾಜಶಾಸನವೂ ಮೌನವಾಗಿಲ್ಲ. 2023ರ ಪ್ರಾಣಿಸಂತಾನ ನಿಯಂತ್ರಣ ನಿಯಮಗಳು, ಮಕ್ಕಳು ಆಡುವ ಸ್ಥಳಗಳನ್ನೂ ಜನರು ಹೋಗಿಬರುವ ದ್ವಾರಗಳನ್ನೂ ಬಿಟ್ಟು, ಬೀದಿನಾಯಿಗಳಿಗೆ ಉಣಿಸುವ ಸ್ಥಳವನ್ನು ಗೊತ್ತುಮಾಡಬೇಕೆಂದು ವಿಧಿಸಿದುವು. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಬೀದಿಬೀದಿಗಳಲ್ಲಿ ಉಣಿಸುವುದನ್ನು ತಡೆದು, ವಾರ್ಡುವಾರ್ಡಿಗೂ ಅದಕ್ಕಾಗಿ ಪ್ರತ್ಯೇಕ ಸ್ಥಳಗಳನ್ನು ಏರ್ಪಡಿಸಬೇಕೆಂದು ಆಜ್ಞಾಪಿಸಿತು. ಇದನ್ನು ದಯೆಗೆ ಹಾಕಿದ ಬೇಲಿಯೆಂದು ಮುನಿಯುವವರು, ಬೇಲಿಯಿಲ್ಲದ ದಯೆಯು ಎಷ್ಟು ನಾಯಿಗಳನ್ನು ಚಕ್ರದಡಿಗೆ ನೂಕಿತೆಂಬುದನ್ನು ಮೊದಲು ಆಲೋಚಿಸಲಿ.

ಮಾಡತಕ್ಕ ಕೆಲಸವು ದೊಡ್ಡದಲ್ಲ. ನಾಯಿಗಳು ವಾಸಿಸುವ ಬದಿಯಲ್ಲಿಯೇ, ರಸ್ತೆಯಿಂದ ಒಳಕ್ಕೆ, ವಾಹನಗಳು ವಿರಳವಾಗಿರುವ ಗೊತ್ತಾದ ವೇಳೆಯಲ್ಲಿ ಅನ್ನವನ್ನಿಟ್ಟು, ಉಂಡಮೇಲೆ ಎಲೆಯನ್ನು ತೆಗೆಯುವುದು. ಕೊರಳಪಟ್ಟಿಯನ್ನು ಎರಡು ಬೆರಳು ನುಸುಳುವಷ್ಟು ಸಡಿಲವಾಗಿ ಕಟ್ಟುವುದು. ಬೆಳೆಯುವ ಮರಿಗೆ ಕಟ್ಟಿ ಮರೆತರೆ ಅದೇ ಉರುಳಾಗುವುದೆಂಬುದನ್ನು ನೆನಪಿನಲ್ಲಿಡುವುದು. ನೆರಳಿಗೆಂದೋ ಮಳೆಗೆಂದೋ ನಾಯಿಯು ಕಾರಿನಡಿಯಲ್ಲಿ ಮಲಗಿರಬಹುದಾದಕಾರಣ, ಹೊರಡುವ ಮುನ್ನ ಒಮ್ಮೆ ಬಗ್ಗಿ ನೋಡುವುದು. ಇವೆಲ್ಲಕ್ಕೂ ಮಿಗಿಲಾಗಿ, ನಗರಸಭೆ ಪುರಸಭೆಗಳನ್ನು ಒತ್ತಾಯಪಡಿಸಿ ಸಂತಾನಹರಣ ಚಿಕಿತ್ಸೆಯನ್ನೂ ಹುಚ್ಚುನಾಯಿರೋಗದ ಲಸಿಕೆಯನ್ನೂ ಮಾಡಿಸುವುದು. ಹುಟ್ಟುವ ಮರಿಗಳು ಕಡಿಮೆಯಾದರೆ ರಸ್ತೆಯಲ್ಲಿ ಸಾಯುವ ಮರಿಗಳೂ ಕಡಿಮೆಯಾಗುವುವು.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ಬೇಟೆನಾಯಿಗೆ ಕ್ರಿ.ಶ. 949-50ರ ಸುಮಾರಿನಲ್ಲಿ ಕಲ್ಲನ್ನು ನೆಡಿಸಿ, ಭೂಮಿಯನ್ನು ದತ್ತಿಬಿಟ್ಟರು. ಸತ್ತ ನಾಯಿಯನ್ನು ಅಷ್ಟು ಮನ್ನಿಸಿದ ನಾಡಿನಲ್ಲಿ ಇಂದಿನ ಬೀದಿನಾಯಿಗೆ ಯಾರೂ ಕಲ್ಲನ್ನು ನೆಡಬೇಕಾಗಿಲ್ಲ, ಭೂಮಿಯನ್ನು ಬಿಡಬೇಕಾಗಿಲ್ಲ. ಎಲೆಯನ್ನು ಹತ್ತು ಹೆಜ್ಜೆ ಒಳಗಿಟ್ಟರೆ ಸಾಕು. ಅಷ್ಟನ್ನೂ ಮಾಡಲಾರದವರು ಸರಮೆಯ ಪ್ರಶ್ನೆಗೆ ಉತ್ತರವನ್ನು ಹುಡುಕಿಟ್ಟುಕೊಳ್ಳಲಿ.