ಹಡಗಿನಲ್ಲಿ ನಡುರಾತ್ರಿಯ ಪಾಳಿ

ಮಕ್ಕಳೇ, ಅಂಟಾರ್ಕ್ಟಿಕಾ ಕಡೆಗೆ ಹೋಗುವ ಸಂಶೋಧನಾ ಹಡಗು ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಸಕಲೇಶಪುರ, ಆಲೂರಿನ ಶಾಲೆಗಳಲ್ಲಿ ನಾನು ಹೀಗೆ ಕೇಳಿದಾಗಲೆಲ್ಲ ಮೊದಲು ಬರುವ ಉತ್ತರ ಪೆಂಗ್ವಿನ್. ತಪ್ಪೇನಿಲ್ಲ, ನಮ್ಮ ಪುಸ್ತಕಗಳೂ ಅದನ್ನೇ ತೋರಿಸುತ್ತವೆ. ಆದರೆ ಅಂಥ ಹಡಗಿನ ಬಹುಪಾಲು ದಿನಗಳು ಅಳೆಯುವುದರಲ್ಲಿ, ಬರೆಯುವುದರಲ್ಲಿ ಕಳೆಯುತ್ತವೆ. ಪಾಠದಲ್ಲಿ ಬರಬೇಕಾದ ವಿಷಯ ಅದು ಎಂಬುದು ನನ್ನ ಅಭಿಪ್ರಾಯ.

ದಕ್ಷಿಣ ಮಹಾಸಾಗರದ ಅಧ್ಯಯನಕ್ಕೆಂದೇ ನಮ್ಮ ದೇಶದ ಮೊದಲ ತಂಡ ಹೊರಟದ್ದು 2004ರಲ್ಲಿ, 'ಸಾಗರ ಕನ್ಯಾ' ಹಡಗಿನಲ್ಲಿ. ಆಮೇಲೆ 104 ಮೀಟರ್ ಉದ್ದದ 'ಸಾಗರ ನಿಧಿ' ಕೂಡ ಹೋಗಿಬಂತು. ದಕ್ಷಿಣಕ್ಕೆ 40 ಡಿಗ್ರಿ ಅಕ್ಷಾಂಶ ದಾಟಿದರೆ ಗಾಳಿಯನ್ನು ತಡೆಯಲು ನೆಲವೇ ಇಲ್ಲದಷ್ಟು ಕಡಿಮೆ. ಅಲೆಗಳು ಮನೆಯೆತ್ತರಕ್ಕೆ ಏಳುತ್ತವೆ. ಊಟದ ತಟ್ಟೆ ಜಾರದಂತೆ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಬೇಕು. ಶಿರಾಡಿ ಘಾಟಿಯ ಬಸ್ಸಿನಲ್ಲಿ ಹೊಟ್ಟೆ ತೊಳಸಿದವರಿಗೆ ಇದು ಅರ್ಥವಾದೀತು. ಘಾಟಿಯಾದರೆ ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ, ಅಲ್ಲಿ ವಾರಗಟ್ಟಲೆ ಹಾಗೆಯೇ!

ಹೊಟ್ಟೆ ತೊಳಸಿದರೂ ಕೆಲಸ ನಿಲ್ಲುವುದಿಲ್ಲ. 4 ಗಂಟೆ ಪಾಳಿ, 8 ಗಂಟೆ ಬಿಡುವು ಎಂಬುದು ಹಡಗುಗಳಲ್ಲಿ ಹಳೆಯ ಪದ್ಧತಿ. ನಡುರಾತ್ರಿ 12ರಿಂದ 4ರ ಪಾಳಿ ಯಾರಿಗೂ ಇಷ್ಟವಿಲ್ಲ. ಆ ಹೊತ್ತಿನಲ್ಲೂ ದುಂಡನೆಯ ಚೌಕಟ್ಟಿಗೆ ಜೋಡಿಸಿದ ಬಾಟಲಿಗಳನ್ನು ಉಕ್ಕಿನ ಹಗ್ಗದಲ್ಲಿ ಸಮುದ್ರಕ್ಕೆ ಇಳಿಸುತ್ತಾರೆ. ಜೊತೆಗಿರುವ ಉಪಕರಣ ನೀರಿನ ಉಷ್ಣತೆ, ಉಪ್ಪಿನಂಶ ಮತ್ತು ಆಳವನ್ನು ದಾಖಲಿಸುತ್ತದೆ. ಸೆಕೆಂಡಿಗೆ 1 ಮೀಟರ್‌ನಂತೆ ಇಳಿಸಿದರೆ 3,600 ಮೀಟರ್ ಆಳಕ್ಕೆ ಎಷ್ಟು ಹೊತ್ತು? ಲೆಕ್ಕ ಮಾಡಿ. ಮೇಲೆ ತರುವಾಗ ಬೇರೆ ಬೇರೆ ಆಳದಲ್ಲಿ ನಿಲ್ಲಿಸಿ ಒಂದೊಂದೇ ಬಾಟಲಿಯನ್ನು ಮುಚ್ಚಬೇಕಾದ್ದರಿಂದ ಇನ್ನೂ ಹೆಚ್ಚು ಹೊತ್ತು. ಮರಗಟ್ಟಿದ ಬೆರಳುಗಳಲ್ಲಿ ಪ್ರತಿ ಬಾಟಲಿಗೂ ಚೀಟಿ ಅಂಟಿಸಬೇಕು. ಚೀಟಿ ಅದಲುಬದಲಾದರೆ ಆ ನೀರು ಬರೀ ಉಪ್ಪುನೀರು. ನಿದ್ದೆಗಣ್ಣಿನಲ್ಲಿ ಒಂದು ಅಂದಾಜಿನ ಅಂಕಿ ಬರೆದರೆ ಯಾರಿಗೂ ತಿಳಿಯುವುದೂ ಇಲ್ಲ. ಹೆದರಬೇಕಾದ್ದು ಅದಕ್ಕೆ.

ಈ ಅಂಕಿಗಳು ನಮಗೇಕೆ ಅನ್ನುತ್ತೀರಾ? ಮುಂಗಾರು ಗಾಳಿ ಹೊರಡುವುದು ಹಿಂದೂ ಮಹಾಸಾಗರದ ದಕ್ಷಿಣ ಭಾಗದಿಂದ, ಮಸ್ಕರೇನ್ ದ್ವೀಪಗಳ ಸುತ್ತಲಿನ ಅಧಿಕ ಒತ್ತಡದ ಪ್ರದೇಶದಿಂದ. ಅದು ಸಮಭಾಜಕ ವೃತ್ತ ದಾಟಿ, ನೀರು ಹೀರಿ, ನಮ್ಮ ಬೆಟ್ಟಗಳಿಗೆ ಬಡಿದು ಸುರಿಯುತ್ತದೆ. ಇನ್ನೂ ದಕ್ಷಿಣದ ತಣ್ಣನೆಯ ಸಾಗರಕ್ಕೂ ಈ ಮಳೆಗೂ ಎಷ್ಟು ನಂಟು ಎಂಬುದನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಹೇಮಾವತಿ ತುಂಬುವ ಮಳೆಯ ಲೆಕ್ಕ ಆ ನಡುರಾತ್ರಿಯ ಪಾಳಿಯಲ್ಲೂ ಸ್ವಲ್ಪ ಇದೆ.

ಇನ್ನೊಂದು ಭಾಗ ನಿಮ್ಮ ಕೈಯಲ್ಲಿದೆ. ಕಾಫಿ ತೋಟಗಳಲ್ಲಿ ಬೆಳಿಗ್ಗೆ ಮಳೆ ಅಳೆದು "ನಿನ್ನೆ 2 ಇಂಚು" ಎಂದು ಪುಸ್ತಕದಲ್ಲಿ ಬರೆಯುವುದನ್ನು ನೀವು ನೋಡಿರಬಹುದು. ಶಾಲೆಯಲ್ಲೂ ಮಾಡಿ. ನೇರ ಗೋಡೆಯ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ತಳ ಸಮನಾಗುವಂತೆ ಒಂದು ಗುರುತಿನವರೆಗೆ ನೀರು ತುಂಬಿ, ಆ ಗುರುತಿನಿಂದ ಮೇಲಕ್ಕೆ ಸ್ಕೇಲಿನಲ್ಲಿ ಅಳೆಯಿರಿ. ಸಿಲ್ವರ್ ಓಕ್ ಮರದಡಿ ಬೇಡ, ಬಯಲಿನಲ್ಲಿಡಿ. ಹವಾಮಾನ ಇಲಾಖೆಯವರು ಅಳೆಯುವ ಬೆಳಿಗ್ಗೆ 8.30ಕ್ಕೇ ಅಳೆದು, ನೀರನ್ನು ಮತ್ತೆ ಗುರುತಿಗೆ ತನ್ನಿ.

ಕೆಲವು ಶಾಲೆಗಳಲ್ಲಿ ಹವಾಮಾನ ಫಲಕದ ಇಡೀ ವಾರದ ಅಂಕಿಗಳನ್ನು ಶನಿವಾರ ಒಟ್ಟಿಗೆ ತುಂಬಿರುವುದನ್ನು ನೋಡಿದ್ದೇನೆ. ಅದಕ್ಕಿಂತ ಖಾಲಿ ಫಲಕವೇ ವಾಸಿ. ಅಳೆಯದ ದಿನ ಸೊನ್ನೆ ಬರೆಯಬೇಡಿ. ಸೊನ್ನೆ ಎಂದರೆ ಮಳೆ ಬರಲಿಲ್ಲ ಎಂದರ್ಥ. ಒಂದು ಅಡ್ಡಗೆರೆ ಎಳೆಯಿರಿ. ಭಾನುವಾರ ಶಾಲೆಯ ಹತ್ತಿರದ ಮನೆಯವರು ಅಳೆಯಲಿ. ಆಗದಿದ್ದರೆ ಸೋಮವಾರದ ಅಂಕಿಯ ಪಕ್ಕದಲ್ಲಿ 'ಎರಡು ದಿನದ್ದು' ಎಂದು ಬರೆಯಿರಿ.