ಚಕ್ರದ ಮೇಲಿನ ಮನೆ ದಾರಿಯಲ್ಲಿ ನಿಂತಾಗ



ಮಗನೋ ಮಗಳೋ ಮೈದುನನೋ ಅಮೆರಿಕದಲ್ಲಿರುವ ಮನೆಗಳು ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಬೀದಿಗೆ ಒಂದೆರಡು ಸಿಗುತ್ತವೆ. ಅಲ್ಲಿಗೆ ಹೋದ ಹಿರಿಯರನ್ನು ‘ಮೋಟಾರ್ ಹೋಮ್’ ಎಂಬ ಗಾಡಿಯಲ್ಲಿ ಕೂರಿಸಿಕೊಂಡು ಊರು ತೋರಿಸುವುದುಂಟು. ಹೋಗಿಬಂದವರು ಫೋಟೋ ತೋರಿಸುತ್ತಾರೆ. ಆದರೆ ಗಾಡಿ ಕೆಟ್ಟರೆ ಏನು ಮಾಡಬೇಕು, ರಾತ್ರಿ ಎಲ್ಲಿ ಇಳಿದುಕೊಳ್ಳಬೇಕು ಅನ್ನೋದನ್ನು ಯಾರೂ ಹೇಳುವುದಿಲ್ಲ. ಈ ಸಲದ ಮಾತು ಅದರ ಬಗ್ಗೆಯೇ.

2024ರ ಡಿಸೆಂಬರಿನಲ್ಲಿ ನಮ್ಮ ಯಜಮಾನರು, 74 ವರ್ಷದ ಅತ್ತೆಯವರು ಮತ್ತು ನಾನು ಡೆಟ್ರಾಯಿಟ್ ಹತ್ತಿರ ಇರುವ ಮೈದುನನ ಮನೆಗೆ ಹೋಗಿದ್ದೆವು. ಅಲ್ಲಿನ ಚಳಿ ನಮ್ಮ ಮಾಗಿ ಚಳಿಯಂತಲ್ಲ, ನೀರು ಕಲ್ಲಾಗುವ ಚಳಿ. ಚಳಿಗಾಲ ಬಂತೆಂದರೆ ಉತ್ತರದ ಎಷ್ಟೋ ಮಂದಿ ನಿವೃತ್ತರು ದಕ್ಷಿಣದ ಫ್ಲಾರಿಡಾ ಕಡೆಗೆ ಹೊರಟುಬಿಡುತ್ತಾರೆ. ಅವರಿಗೆ ‘ಸ್ನೋಬರ್ಡ್ಸ್’, ಅಂದರೆ ಹಿಮದ ಹಕ್ಕಿಗಳು ಎಂದೇ ಹೆಸರು. ನಾವೂ ಬಾಡಿಗೆ ಮೋಟಾರ್ ಹೋಮ್ ಹಿಡಿದು ಅದೇ ದಾರಿಯಲ್ಲಿ ಹೊರಟೆವು. ಐ-75 ಎಂಬ ಹೆದ್ದಾರಿ ಮಿಷಿಗನ್, ಓಹಾಯೋ, ಕೆಂಟಕಿ, ಟೆನೆಸ್ಸೀ, ಜಾರ್ಜಿಯಾ ದಾಟಿ ಫ್ಲಾರಿಡಾ ಸೇರುತ್ತದೆ. ಡೆಟ್ರಾಯಿಟ್‌ನಿಂದ ಆರ್ಲಾಂಡೋಗೆ ಸುಮಾರು 1,850 ಕಿಲೋಮೀಟರ್.

ಈ ಗಾಡಿ ಎಂದರೆ ಲಾರಿಯ ಚಾಸಿ ಮೇಲೆ ಕಟ್ಟಿದ ಪುಟ್ಟ ಮನೆ. ಗ್ಯಾಸ್ ಒಲೆ, ಫ್ರಿಜ್ಜು, ಹಾಸಿಗೆ, ಬಚ್ಚಲು, ಪಾಯಿಖಾನೆ ಎಲ್ಲ ಅದರೊಳಗೇ. ಮನೆ ಎಂದ ಮೇಲೆ ಮನೆಯ ತಾಪತ್ರಯ, ಗಾಡಿ ಎಂದ ಮೇಲೆ ಗಾಡಿಯ ತಾಪತ್ರಯ, ಎರಡೂ ಉಂಟಲ್ಲ! ನಾವು ಸಾಸಿವೆ ಡಬ್ಬಿಯಲ್ಲಿ ಆಪತ್ತಿಗೆಂದು ನಾಲ್ಕು ಕಾಸು ಇಟ್ಟಿರುತ್ತೇವೆ. ಹಾಗೆಯೇ ಈ ಪ್ರಯಾಣದಲ್ಲಿ ಹೊತ್ತು, ಊಟ, ನೀರು, ಔಷಧಿ ನಾಲ್ಕನ್ನೂ ಸ್ವಲ್ಪ ಮೀಸಲು ಇಟ್ಟುಕೊಳ್ಳಬೇಕು. ಮೀಸಲಿದ್ದರೆ ಗಾಡಿ ಕೆಟ್ಟಿದ್ದು ಬರೀ ತೊಂದರೆ. ಇಲ್ಲದಿದ್ದರೆ ಅದೇ ಗಂಡಾಂತರ.

ಹೊರಡುವ ಮುನ್ನ

ಟೈರುಗಳ ವಯಸ್ಸು ನೋಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಮೇಲೆ ಗೆರೆ ಸವೆಯದಿದ್ದರೂ ರಬ್ಬರು ವರ್ಷ ಕಳೆದಂತೆ ಬಿರುಕು ಬಿಡುತ್ತದೆ. ನಮ್ಮೂರಿನ ಕಾರುಗಳ ಟೈರಿನಲ್ಲೂ ಈ ಅಂಕಿ ಇರುತ್ತದೆ, ನೋಡಿಕೊಳ್ಳಿ.

ಬಾಡಿಗೆ ಕೊಡುವವರನ್ನು ಒಂದು ಮಾತು ಕೇಳಲೇಬೇಕು: ‘ಗಾಡಿ ಕೆಟ್ಟರೆ ಎಳೆದೊಯ್ಯುವ ಖರ್ಚು ಯಾರದು?’ ಕಾರು ಎಳೆಯುವ ಲಾರಿಗೆ ಇಷ್ಟು ಭಾರದ ಗಾಡಿಯನ್ನು ಎಳೆಯಲಾಗುವುದಿಲ್ಲ, ದೊಡ್ಡದೇ ಬೇಕು. ಗಾಡಿಯ ಎತ್ತರ, ಉದ್ದ, ತೂಕ, ನಂಬರು, ಸಹಾಯದ ಫೋನ್ ನಂಬರು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಡ್ರೈವರ್ ಎದುರಿಗೆ ಅಂಟಿಸಿ. ಗಾಬರಿಯಲ್ಲಿ ಯಾವುದೂ ನೆನಪಾಗುವುದಿಲ್ಲ. ತಗ್ಗು ಸೇತುವೆಯ ಕೆಳಗೆ ನುಗ್ಗುವ ಮೊದಲು ನೋಡಿಕೊಳ್ಳಲಿಕ್ಕೂ ಈ ಎತ್ತರ ಬೇಕು.

ನಮ್ಮ ಮಿಕ್ಸಿಯನ್ನು ಕಟ್ಟಿಕೊಂಡು ಹೋಗಬೇಡಿ. ನಮ್ಮದು 230 ವೋಲ್ಟಿನದು, ಅಲ್ಲಿ ಬರುವುದು 120. ಚಟ್ನಿಪುಡಿಯೇ ಸಾಕು.

ಗಾಡಿ ನಿಂತ ದಿನ

ಎರಡನೆಯ ದಿನ ಕೆಂಟಕಿಯಲ್ಲಿ, ಲಂಡನ್ ಎಂಬ ಪುಟ್ಟ ಊರು ಇನ್ನೂ ಹತ್ತು ಹದಿನೈದು ಕಿಲೋಮೀಟರ್ ಇದೆ ಎನ್ನುವಾಗ ಇಂಜಿನ್ನಿನ ಬೆಲ್ಟು ಹರಿಯಿತು. ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡಿತು, ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಇಂಜಿನ್ನಿಗೆ ನೀರು ಹಾಯಿಸುವ ಪಂಪು, ಬ್ಯಾಟರಿ ಚಾರ್ಜು, ಸ್ಟೀರಿಂಗ್ ಮೂರೂ ಒಂದೇ ಬೆಲ್ಟಿನಿಂದ ತಿರುಗುತ್ತವಂತೆ. ಇನ್ನು ಎರಡು ಮೈಲಿ ಹೋಗೋಣ ಎಂದರೆ ಇಂಜಿನ್ನು ಬೆಂದುಹೋಗುತ್ತದೆ. ಮೈದುನ ಬಲಪಕ್ಕಕ್ಕೆ ತಂದು ನಿಲ್ಲಿಸಿ ಇಂಜಿನ್ ಆರಿಸಿದರು, ಅಪಾಯದ ದೀಪ ಹಾಕಿದರು.

ಅಲ್ಲಿ ಗಾಡಿಗಳು ಬಲಗಡೆ ಓಡುವುದರಿಂದ ಮೋಟಾರ್ ಹೋಮಿನ ಬಾಗಿಲು ರಸ್ತೆಯ ಕಡೆಗಿರದೆ ಹುಲ್ಲಿನ ಕಡೆಗೇ ಇರುತ್ತದೆ. ಆ ಬಾಗಿಲಿಂದಲೇ ಎಲ್ಲರೂ ಇಳಿದು ಕಬ್ಬಿಣದ ತಡೆಯ ಆಚೆ ಹೋಗಿ ನಿಂತೆವು. ಅತ್ತೆಯವರಿಗೆ ಮಡಿಸುವ ಕುರ್ಚಿ ಹಾಕಿ ಎರಡು ಕಂಬಳಿ ಹೊದಿಸಿದೆವು. ಚಳಿ ಎಂದು ಗಾಡಿಯೊಳಗೇ ಕೂರಬಹುದಲ್ಲ ಎಂದು ನಿಮಗನಿಸಬಹುದು. ಆದರೆ ಪಕ್ಕದಲ್ಲೇ ಲಾರಿಗಳು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತವೆ. ನಿಂತ ಗಾಡಿಗೆ ಹಿಂದಿನಿಂದ ಬಡಿದರೆ ಗತಿಯೇನು? ಇಳಿಯಲು ಸುರಕ್ಷಿತ ಜಾಗವೇ ಇಲ್ಲದಿದ್ದರೆ ಮಾತ್ರ ಸೀಟ್ ಬೆಲ್ಟ್ ಕಟ್ಟಿಕೊಂಡು ಒಳಗೇ ಕೂತು 911ಕ್ಕೆ ಫೋನ್ ಮಾಡಬೇಕು.

ಎಲ್ಲಿದ್ದೀರಿ ಎಂದು ಫೋನಿನಲ್ಲಿ ಕೇಳಿದಾಗ ಉತ್ತರ ಕೊಡಲು ಒಂದು ಸುಲಭ ದಾರಿ ಇದೆ. ರಸ್ತೆಯ ಬದಿಯಲ್ಲಿ ಮೈಲಿಗೊಂದು ಹಸಿರು ಫಲಕ ಇರುತ್ತದೆ. ‘ಐ-75, ದಕ್ಷಿಣ ದಿಕ್ಕು, ಮೈಲಿ ಇಷ್ಟು’ ಎಂದರೆ ಸಾಕು. ಈ ರಸ್ತೆಯಲ್ಲಿ ಎಣಿಕೆ ಪ್ರತಿ ರಾಜ್ಯದ ದಕ್ಷಿಣ ತುದಿಯಿಂದ ಶುರು. ಹಾಗಾಗಿ ನೀವು ದಕ್ಷಿಣಕ್ಕೆ ಹೋದ ಹಾಗೆಲ್ಲ ಅಂಕಿ ಇಳಿಯುತ್ತ ಬರುತ್ತದೆ.

ನನಗೆ ಗಾಡಿಗಿಂತ ಹೆಚ್ಚಿನ ಚಿಂತೆ ಅತ್ತೆಯವರ ಇನ್ಸುಲಿನ್ನಿನದು. ಇನ್ಸುಲಿನ್ ಎಂದರೆ ಫ್ರಿಜ್ಜಿನಲ್ಲೇ ಇಡಬೇಕು ಎಂದು ನಾವೆಲ್ಲ ತಿಳಿದಿರುತ್ತೇವೆ. ಬಳಕೆಗೆ ತೆಗೆದ ಪೆನ್ನುಗಳಲ್ಲಿ ಹೆಚ್ಚಿನವು 30 ಡಿಗ್ರಿಯೊಳಗಿನ ಶಾಖದಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತವೆ (ನಿಮ್ಮ ಪೆನ್ನಿನ ಚೀಟಿ ಓದಿ, ಡಾಕ್ಟರನ್ನೂ ಕೇಳಿ). ಆ ಚಳಿಯಲ್ಲಿ ಭಯ ಬೇರೆಯದೇ: ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿದರೂ ಕೆಲಸಕ್ಕೆ ಬಾರದು, ಎಸೆಯಬೇಕು. ಅತ್ತೆಯವರು ಪೆನ್ನನ್ನು ತಮ್ಮ ಎಲೆಅಡಿಕೆ ಸಂಚಿಗೆ ಹಾಕಿ ಸ್ವೆಟರಿನೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಗಾಡಿ ಕೆಟ್ಟರೆ ಕೆಡಲಿ ಬಿಡ್ರಪ್ಪಾ, ಊಟದ ಹೊತ್ತು ತಪ್ಪಬಾರದು ಅಷ್ಟೇ” ಅಂದರು. ಸೂಜಿ ತೆಗೆದುಕೊಳ್ಳುವವರಿಗೆ ಊಟ ತಪ್ಪಿದರೆ ಸಕ್ಕರೆ ಇಳಿದು ತಲೆ ಸುತ್ತುತ್ತದೆ. ನಮ್ಮ ಬಳಿ ಗೊಜ್ಜವಲಕ್ಕಿ ಇತ್ತು. ಹುಲ್ಲಿನ ಮೇಲೆ ಕೂತೇ ಊಟ ಆಯಿತು.

ಎಳೆಯುವ ಲಾರಿ ಬರಲು ಎರಡೂವರೆ ಗಂಟೆ ಹಿಡಿಯಿತು. ಬೆಲ್ಟು ಸಿಕ್ಕಿದ್ದು ಮರುದಿನ ಬೆಳಿಗ್ಗೆ. ವರ್ಕ್‌ಷಾಪಿನವರ ಒಪ್ಪಿಗೆ ಪಡೆದು ಅವರ ಅಂಗಳದಲ್ಲೇ ಗಾಡಿಯೊಳಗೆ ಮಲಗಿದೆವು. ಗಾಡಿಯ ಸ್ವಂತ ಹೀಟರ್ ಗ್ಯಾಸಿನಲ್ಲಿ ಉರಿಯುತ್ತದೆ, ಅದರ ಹೊಗೆ ಹೊರಗೆ ಹೋಗಲು ಕೊಳವೆ ಇರುತ್ತದೆ. ಆದರೆ ಬೆಚ್ಚಗಾಗಲೆಂದು ಅಡುಗೆ ಒಲೆಯನ್ನು ಹೊತ್ತಿಸಿಟ್ಟು ಯಾರೂ ಮಲಗಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಏಳದೇ ಹೋದದ್ದನ್ನು ಕೇಳಿದ್ದೇವಲ್ಲ, ಇಲ್ಲೂ ಅದೇ ವಿಷಗಾಳಿ.

ರಾತ್ರಿಯ ತಂಗುದಾಣ

ಅಲ್ಲಿ ಇಂಥ ಗಾಡಿಗಳಿಗೆಂದೇ ‘ಕ್ಯಾಂಪ್‌ಗ್ರೌಂಡ್’ಗಳಿವೆ. ನಲ್ಲಿ, ಕರೆಂಟು, ಕೊಳಚೆ ಬಿಡುವ ಕೊಳವೆ ಎಲ್ಲ ಇರುತ್ತದೆ. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಶುರುವಾದ ಕೆ.ಓ.ಎ. ಎಂಬ ಖಾಸಗಿ ಸಂಸ್ಥೆಯವು ಹಲವೆಡೆ ಸಿಗುತ್ತವೆ. ನನಗೆ ಹಿಡಿಸಿದ್ದು ಸರ್ಕಾರಿ ಉದ್ಯಾನಗಳು. ಕೆಂಟಕಿಯ ಲೆಕ್ಸಿಂಗ್ಟನ್ ಬಳಿ ಹಾರ್ಸ್ ಪಾರ್ಕ್, ಜಾರ್ಜಿಯಾದ ಕಾರ್ಡೀಲ್ ಬಳಿ ಕೆರೆ ದಂಡೆಯ ವೆಟರನ್ಸ್ ಪಾರ್ಕ್, ಫ್ಲಾರಿಡಾದಲ್ಲಿ ಸುವಾನೀ ನದಿಯ ಪಕ್ಕದ ಸ್ಟೀಫನ್ ಫಾಸ್ಟರ್ ಪಾರ್ಕ್, ಮೂರೂ ಐ-75ಕ್ಕೆ ಹತ್ತಿರ.

ಒಳ್ಳೆಯ ಜಾಗ ಆರಿಸುವುದು ಹೀಗೆ:

ನೆಲ ಸಮತಟ್ಟಾಗಿರಬೇಕು. ಬಹಳ ಮೋಟಾರ್ ಹೋಮುಗಳ ಫ್ರಿಜ್ಜು, ಹಿಂದೆ ಕಾಫಿ ತೋಟದ ಬಂಗಲೆಗಳಲ್ಲಿದ್ದ ಸೀಮೆಎಣ್ಣೆ ಫ್ರಿಜ್ಜಿನ ಜಾತಿಯದು. ಉರಿಯ ಶಾಖದಿಂದಲೇ ತಣ್ಣಗಾಗುವಂಥದ್ದು. ಗಾಡಿ ಓರೆಯಾಗಿ ನಿಂತರೆ ಅದು ತಂಪು ಮಾಡುವುದಿಲ್ಲ, ಹಾಲು ಒಡೆಯುತ್ತದೆ.

ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುವ ಜಾಗ ಕೇಳಿ. ಕತ್ತಲಲ್ಲಿ ಇಷ್ಟುದ್ದದ ಗಾಡಿಯನ್ನು ಹಿಂದಕ್ಕೆ ಬಿಡುವ ಕಷ್ಟ ತಪ್ಪುತ್ತದೆ.

ಕರೆಂಟು 30 ಆಂಪಿನದೋ 50ರದೋ ಕೇಳಿ. 30 ಎಂದರೆ ಒಟ್ಟು 3,600 ವಾಟ್. ರೂಮ್ ಹೀಟರ್, ಮೈಕ್ರೋವೇವ್, ನೀರು ಕಾಯಿಸುವ ಕೆಟಲ್ ಮೂರನ್ನೂ ಒಟ್ಟಿಗೆ ಹಾಕಿದರೆ ಸ್ವಿಚ್ಚು ಬಿದ್ದುಬಿಡುತ್ತದೆ.

ಗೂಡ್ಸ್ ರೈಲಿನ ಹಳಿ ಪಕ್ಕದಲ್ಲಿದೆಯೇ ನಕ್ಷೆಯಲ್ಲಿ ನೋಡಿ. ಇಲ್ಲದಿದ್ದರೆ ರಾತ್ರಿಯಿಡೀ ಸಿಳ್ಳೆ.

ಜನವರಿಯಿಂದ ಮಾರ್ಚಿವರೆಗೆ ಫ್ಲಾರಿಡಾ ತುಂಬಿ ತುಳುಕುತ್ತದೆ. 2024ರಿಂದ ಅಲ್ಲಿನ ಸರ್ಕಾರಿ ಉದ್ಯಾನಗಳಲ್ಲಿ ಆ ರಾಜ್ಯದವರು 11 ತಿಂಗಳು ಮೊದಲೇ ಜಾಗ ಕಾದಿರಿಸಬಹುದು, ಹೊರಗಿನವರು 10 ತಿಂಗಳು. ಹಾಗಾಗಿ ಬೇಗನೆ ಕಾದಿರಿಸಿ. ತಡವಾದರೆ ಸಂಜೆಯೊಳಗೆ ಕ್ಯಾಂಪ್‌ಗ್ರೌಂಡಿಗೆ ಫೋನ್ ಮಾಡಿ ತಿಳಿಸಿ. ಎಷ್ಟೋ ಕಡೆ ನಿಮ್ಮ ಹೆಸರಿನ ಚೀಟಿ, ನಕ್ಷೆ ಆಫೀಸಿನ ಬಾಗಿಲಿಗೆ ಅಂಟಿಸಿಟ್ಟಿರುತ್ತಾರೆ. ಆದರೂ ನಾಲ್ಕು ಗಂಟೆಗೆ ತಂಗುವಂತೆ ಲೆಕ್ಕ ಹಾಕಿದರೆ ದಾರಿಯಲ್ಲಿ ಎರಡು ಗಂಟೆ ಹೋದರೂ ಕಷ್ಟವಿಲ್ಲ. ಫ್ಲಾರಿಡಾದ ರಸ್ತೆ ಬದಿಯ ವಿಶ್ರಾಂತಿ ತಾಣದಲ್ಲಿ ಮಲಗುತ್ತೇವೆ ಎನ್ನಬೇಡಿ, ಅಲ್ಲಿ 3 ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ.

ಮಿಷಿಗನ್ ಚಳಿಯಲ್ಲಿ ಗಾಡಿಯ ನಲ್ಲಿ ಬಳಸಬೇಡಿ, ಕೊಳವೆ ಒಡೆಯುತ್ತದೆ. ದಕ್ಷಿಣದ ಬಿಸುಪು ಸಿಗುವವರೆಗೆ ಕ್ಯಾನಿನ ನೀರೇ ಸರಿ. ಬೆಂಕಿ ಕಾಯಿಸಲು ಸೌದೆಯನ್ನೂ ಉತ್ತರದಿಂದ ಒಯ್ಯಬಾರದು. 2002ರಲ್ಲಿ ಡೆಟ್ರಾಯಿಟ್ ಬಳಿ ಕಂಡ, ಆ್ಯಶ್ ಮರ ಕೊರೆಯುವ ಹಸಿರು ಹುಳು ಸೌದೆಯ ಜೊತೆ ಊರೂರಿಗೆ ಹಬ್ಬಿದೆ. ಫ್ಲಾರಿಡಾದಲ್ಲಿ ಕೆರೆ ದಂಡೆಗೆ ಪಾತ್ರೆ ತೊಳೆಯಲು ಹೋಗಲೇಬೇಡಿ, ಮೊಸಳೆ ಜಾತಿಯ ಅಲಿಗೇಟರ್‌ಗಳಿರುತ್ತವೆ.

ಒಲೆ ಹಚ್ಚದ ಗೊಜ್ಜವಲಕ್ಕಿ

ಮನೆಯಲ್ಲೇ ಮಾಡಿಕೊಳ್ಳಿ: 50 ಗ್ರಾಂ ಹುಣಸೆಹಣ್ಣಿನ ಗಟ್ಟಿ ರಸಕ್ಕೆ 2 ಚಮಚ ಸಾರಿನ ಪುಡಿ, 1 ಚಮಚ ಉಪ್ಪು, ನಿಂಬೆ ಗಾತ್ರದ ಬೆಲ್ಲ ಹಾಕಿ ಗಟ್ಟಿಯಾಗಿ ಕುದಿಸಿ. 4 ಚಮಚ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು ಆರಿಸಿ ಬಾಟಲಿಗೆ ತುಂಬಿ. ಗಟ್ಟಿ ಅವಲಕ್ಕಿಯನ್ನು ರವೆಯಂತೆ ತರಿ ಮಾಡಿ ಡಬ್ಬಿಗೆ ಹಾಕಿ. ಬೇಕಾದಾಗ 2 ಲೋಟ ತರಿಗೆ ಒಂದೂವರೆ ಲೋಟ ನೀರಿನಲ್ಲಿ ರುಚಿಗೆ ತಕ್ಕಷ್ಟು ಗೊಜ್ಜು ಕದಡಿ ಸುರಿದು ಕಾಲು ಗಂಟೆ ಬಿಡಿ. ಹುರಿದ ಕಡಲೆಕಾಯಿ ಬೀಜ, ಕೊಬ್ಬರಿ ತುರಿ ಬೆರೆಸಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಬಿಟ್ಟು ಬೀಜ ಹೆಚ್ಚು ಹಾಕಿ.

ಅಮೆರಿಕವೇ ಆಗಬೇಕಿಲ್ಲ, ಧರ್ಮಸ್ಥಳಕ್ಕೆ ವ್ಯಾನು ಮಾಡಿಕೊಂಡು ಹೋಗುವಾಗಲೂ ಒಂದು ಡಬ್ಬಿ ಜೊತೆಗಿರಲಿ.